ಬಾಗಿಲಿಗೆ ಬಂದ ಚಿನ್ನ



ಹಿಂದೆ ಒಡವೆ ತರಬೇಕಾದರೆ ಏನು ಮಾಡುತ್ತಿದ್ದೆವು? ಪೇಟೆಗೆ ಹೋಗುತ್ತಿದ್ದೆವು. ಜೊತೆಗೆ ಅತ್ತಿಗೆಯನ್ನೋ ಅಕ್ಕನನ್ನೋ ಕರೆದುಕೊಳ್ಳುತ್ತಿದ್ದೆವು. ಅಂಗಡಿಯಲ್ಲಿ ಕೂತು, ತಕ್ಕಡಿ ನೋಡಿ, ಚೌಕಾಸಿ ಮಾಡಿ, ದುಡ್ಡು ಎಣಿಸಿ ಕೊಡುತ್ತಿದ್ದೆವು. ಬರುವಾಗ ಒಡವೆಯ ಡಬ್ಬಿಯನ್ನು ಸೆರಗಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸುತ್ತಿದ್ದೆವು. ಕೆಲವರು ಅಕ್ಕಿ ಚೀಲದ ತಳದಲ್ಲಿ ಇಡುತ್ತಿದ್ದರು. ಬಸ್ಸಿನಲ್ಲಿ ಪಕ್ಕದವರು "ಪೇಟೇಲಿ ಏನ್ ತಗೊಂಡ್ರಿ?" ಅಂತ ಕೇಳಿದರೆ, "ಏನಿಲ್ಲ ಕಣವ್ವ, ಒಂದಿಷ್ಟು ಸಾಮಾನು" ಅನ್ನುತ್ತಿದ್ದೆವು.

ಅದು ನಮ್ಮ ಜಾಣತನ. ಚಿನ್ನ ಇದೆ ಅಂತ ಯಾರಿಗೂ ಗೊತ್ತಾಗಬಾರದು. ನಮ್ಮ ಕೈ ಅದರ ಮೇಲೆಯೇ ಇರಬೇಕು. ಮನೆಗೆ ಬಂದ ಮೇಲೆ ಬಿಚ್ಚಿ ನೋಡಬೇಕು. ಇಷ್ಟೇ ನಮಗೆ ಗೊತ್ತಿದ್ದ ಕಾವಲು.

ಈಗ ಕಾಲ ಬದಲಾಗಿದೆ. ಫೋನಿನಲ್ಲಿ ಒಡವೆಯ ಚಿತ್ರ ನೋಡುತ್ತಾರೆ. ಫೋನಿನಲ್ಲೇ ದುಡ್ಡು ಕಟ್ಟುತ್ತಾರೆ. ಒಡವೆ ಪೊಟ್ಟಣದಲ್ಲಿ ಮನೆ ಬಾಗಿಲಿಗೆ ಬರುತ್ತದೆ. 2008ರಲ್ಲಿ ಚೆನ್ನೈಯಲ್ಲಿ, 2011ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹೀಗೆ ಒಡವೆ ಮಾರುವ ಕಂಪನಿಗಳು ಶುರುವಾದವು. ಆಮೇಲೆ ಇನ್ನೂ ಅನೇಕ ಕಂಪನಿಗಳು ಬಂದವು.

ದಾರಿಯಲ್ಲಿ ಆ ಚಿನ್ನವನ್ನು ಯಾರು ಕಾಯುತ್ತಾರೆ? ಹೇಗೆ ಕಾಯುತ್ತಾರೆ? ಕೊನೆಗೆ ಅದು ನಮ್ಮ ಬಾಗಿಲಿಗೆ ಬಂದಾಗ ನಾವು ಏನು ಮಾಡಬೇಕು? ಇದನ್ನು ಇಲ್ಲಿ ತಿಳಿಯೋಣ.

ತಿಳಿಯಲು ಸುಲಭವಾಗಲಿ ಅಂತ ಒಂದು ಕತೆ ಕಟ್ಟಿಕೊಳ್ಳೋಣ. ಒಬ್ಬ ತಾಯಿ ಇದ್ದಾಳೆ. ಅವಳಿಗೆ ಗಂಗಮ್ಮ ಅಂತ ಹೆಸರು ಇಡೋಣ. ರೇಷ್ಮೆ ಗೂಡು ಮಾರಿ ದುಡ್ಡು ಕೂಡಿಟ್ಟಿದ್ದಾಳೆ. ಹೋದ ವರ್ಷ ಕಲಿಕಾ ಕೇಂದ್ರಕ್ಕೆ ಹೋಗಿ ಓದು ಬರಹ ಕಲಿತಿದ್ದಾಳೆ. ಮಗಳ ಮದುವೆ ಹತ್ತಿರ ಬಂದಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಫೋನಿನಲ್ಲಿ 16 ಗ್ರಾಂ ತೂಕದ ಸರ ಕೊಂಡಿದ್ದಾನೆ. ಊರಿನ ವಿಳಾಸ ಕೊಟ್ಟಿದ್ದಾನೆ. ಆ ಸರದ ಜೊತೆ ನಾವೂ ಹೊರಡೋಣ ಬನ್ನಿ.

ಪೊಟ್ಟಣ ಕಟ್ಟುವ ಕೋಣೆ

ಕಂಪನಿಯಲ್ಲಿ ಪೊಟ್ಟಣ ಕಟ್ಟಲು ಬೇರೆ ಕೋಣೆ ಇರುತ್ತದೆ. ಎಲ್ಲರೂ ಒಳಗೆ ಹೋಗುವಂತಿಲ್ಲ. ತಲೆಯ ಮೇಲೆ ಕ್ಯಾಮೆರಾ ಇರುತ್ತದೆ. ಸರವನ್ನು ಕ್ಯಾಮೆರಾದ ಮುಂದೆ ತೂಗುತ್ತಾರೆ. ತೂಕ ಬರೆದುಕೊಳ್ಳುತ್ತಾರೆ. ಬಿಲ್ಲಿನಲ್ಲಿರುವ ತೂಕಕ್ಕೆ ತಾಳೆ ನೋಡುತ್ತಾರೆ.

ಆಮೇಲೆ ಸರವನ್ನು ಒಡವೆ ಡಬ್ಬಿಯಲ್ಲಿ ಇಡುತ್ತಾರೆ. ಡಬ್ಬಿ ಅಲುಗಾಡಿದರೆ ಒಳಗೆ ಸದ್ದು ಬರಬಾರದು. ಸದ್ದು ಬಂದರೆ ಒಳಗೆ ಏನಿದೆ ಎಂದು ಕಳ್ಳನಿಗೆ ಗೊತ್ತಾಗುತ್ತದೆ. ಅದಕ್ಕೇ ಸುತ್ತ ಮೆತ್ತನೆಯ ಕಾಗದ ತುಂಬುತ್ತಾರೆ.

ಡಬ್ಬಿಯನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕುತ್ತಾರೆ. ಇದು ಸಾಮಾನ್ಯ ಚೀಲವಲ್ಲ. ಒಮ್ಮೆ ಅಂಟಿಸಿದರೆ ಗುರುತು ಉಳಿಯದಂತೆ ಬಿಚ್ಚಲು ಆಗುವುದಿಲ್ಲ. ಕಿತ್ತು ಮತ್ತೆ ಅಂಟಿಸಿದರೆ ಅಂಟಿನ ಪಟ್ಟಿಯ ಮೇಲೆ ಅಕ್ಷರಗಳೋ ಗೆರೆಗಳೋ ಎದ್ದು ಕಾಣುತ್ತವೆ. ಹಿಂದೆ ಅಂಚೆಯಲ್ಲಿ ಅರಗು ಕರಗಿಸಿ ಮೊಹರು ಒತ್ತುತ್ತಿದ್ದರಲ್ಲ, ಇದೂ ಅದೇ ಕೆಲಸ ಮಾಡುತ್ತದೆ. ಪ್ರತಿ ಚೀಲದ ಮೇಲೂ ಒಂದು ನಂಬರ್ ಇರುತ್ತದೆ. ಒಂದರ ನಂಬರ್ ಇನ್ನೊಂದಕ್ಕೆ ಇರುವುದಿಲ್ಲ. ಕಳ್ಳ ಬೇರೆ ಚೀಲ ತಂದು ಬದಲಾಯಿಸಿದರೆ ನಂಬರ್ ತಾಳೆಯಾಗುವುದಿಲ್ಲ.

ಕೊನೆಗೆ ಇದನ್ನೆಲ್ಲ ಹೊರಗಿನ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪೆಟ್ಟಿಗೆಯ ಎಲ್ಲ ಅಂಚಿಗೂ ಟೇಪು ಹಚ್ಚುತ್ತಾರೆ.

ಬಾಯಿ ಬಿಡದ ಪೆಟ್ಟಿಗೆ

ಹೊರಗಿನ ಪೆಟ್ಟಿಗೆ ನೋಡಲು ಹೇಗಿರುತ್ತದೆ? ತೀರಾ ಸಾದಾ. ಮೇಲೆ ಒಡವೆಯ ಚಿತ್ರ ಇರಬಾರದು. ಚಿನ್ನ ಅನ್ನುವ ಮಾತು ಕಾಣಬಾರದು. ಜಾಣ ಕಂಪನಿಗಳು ಕಳಿಸುವವರ ಹೆಸರಿನ ಜೊತೆ ಜ್ಯುವೆಲರ್ಸ್ ಅಂತಲೂ ಬರೆಯುವುದಿಲ್ಲ. ನೋಡಿದವರಿಗೆ ಅದು ಬಟ್ಟೆಯೋ ಪುಸ್ತಕವೋ ಅನ್ನಿಸಬೇಕು.

ಇದು ಹಳೆಯ ಉಪಾಯ. ಒಂದು ನಿಜವಾದ ಸಂಗತಿ ಕೇಳಿ. ಅಮೆರಿಕದಲ್ಲಿ ಹೋಪ್ ಎಂಬ ನೀಲಿ ವಜ್ರ ಇದೆ. ಲೋಕದಲ್ಲೆಲ್ಲ ಹೆಸರಾದ ವಜ್ರ. ಮೂಲದಲ್ಲಿ ಅದು ನಮ್ಮ ದೇಶದ್ದು. ಕೃಷ್ಣಾ ನದಿಯ ದಂಡೆಯ ಮೇಲೆ ಕೊಲ್ಲೂರು ಎಂಬಲ್ಲಿ ವಜ್ರದ ಗಣಿ ಇತ್ತು. ಈಗ ಆ ಜಾಗ ಆಂಧ್ರ ಪ್ರದೇಶದಲ್ಲಿದೆ. ಈ ವಜ್ರ ಅಲ್ಲಿಂದ ಹೋದದ್ದು ಎನ್ನುತ್ತಾರೆ.

1958ರಲ್ಲಿ ಆ ವಜ್ರ ಹ್ಯಾರಿ ವಿನ್‌ಸ್ಟನ್ ಎಂಬ ಒಡವೆ ವ್ಯಾಪಾರಿಯ ಬಳಿ ಇತ್ತು. ಅವನಿದ್ದದ್ದು ನ್ಯೂಯಾರ್ಕ್ ನಗರದಲ್ಲಿ. ವಜ್ರವನ್ನು ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಎಂಬ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟ. ಹೇಗೆ ಕಳಿಸಿದ ಗೊತ್ತೇ? ಪೊಲೀಸರ ದಂಡು ಇರಲಿಲ್ಲ. ಕಂದು ಬಣ್ಣದ ಸಾದಾ ಕಾಗದ ಸುತ್ತಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ! ನವೆಂಬರ್ ತಿಂಗಳಲ್ಲಿ ಅಂಚೆಯವನು ಅದನ್ನು ತಂದುಕೊಟ್ಟ. ವಜ್ರ ಸುಖವಾಗಿ ಸೇರಿತು.

ಅವನು ಅಂಚೆಗೆ ಕಟ್ಟಿದ್ದು ಒಟ್ಟು 145 ಡಾಲರ್ 29 ಸೆಂಟ್. ಅದರಲ್ಲಿ ಪೊಟ್ಟಣದ ಅಂಚೆ ವೆಚ್ಚ ಬರೀ 2 ಡಾಲರ್ 44 ಸೆಂಟ್. ಮಿಕ್ಕ ಹಣವೆಲ್ಲ 10 ಲಕ್ಷ ಡಾಲರಿನ ವಿಮೆಗೆ ಮತ್ತು ಜವಾಬ್ದಾರಿಗೆ. ಕಾಗದಕ್ಕೆ ಕಾಸು ಸುರಿಯಲಿಲ್ಲ. ಕಾವಲಿಗೆ ಸುರಿದ. ಆ ವಜ್ರಕ್ಕೆ ಸುತ್ತಿದ್ದ ಕಾಗದವನ್ನು ಅಲ್ಲಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ.

ನಮ್ಮ ಸೆರಗಿನ ಗಂಟೂ ಅಷ್ಟೇ, ಆ ಕಂದು ಕಾಗದವೂ ಅಷ್ಟೇ. ಬಾಯಿ ಬಿಡದೆ ಇರುವುದೇ ಮೊದಲ ಬೀಗ.

ಆದರೆ ಪೆಟ್ಟಿಗೆ ಸುಮ್ಮನಿದ್ದರೆ ಸಾಲದು. ನಾವೂ ಸುಮ್ಮನಿರಬೇಕು. "ನಾಳೆ ನಮ್ಮ ಮನೆಗೆ ಚಿನ್ನದ ಸರ ಬರ್ತದೆ" ಅಂತ ನಲ್ಲಿಯ ಹತ್ತಿರ ಹೇಳಬಾರದು. ವಾಟ್ಸಾಪಿನಲ್ಲಿ ಚಿತ್ರ ಹಾಕಬಾರದು. ಗೋಡೆಗೂ ಕಿವಿ ಇರುತ್ತದೆ. ಫೋನಿಗೆ ಊರೆಲ್ಲ ಕಿವಿ.

ಕೈಯಿಂದ ಕೈಗೆ

ಪೆಟ್ಟಿಗೆ ಹೊರಟಿತು. ಈಗ ಅದು ಹಲವು ಕೈಗಳನ್ನು ದಾಟಬೇಕು. ಕಂಪನಿಯಿಂದ ಸಾಗಣೆಯವರಿಗೆ. ಅಲ್ಲಿಂದ ದೊಡ್ಡ ಉಗ್ರಾಣಕ್ಕೆ. ಉಗ್ರಾಣದಿಂದ ವಿಮಾನಕ್ಕೋ ವ್ಯಾನಿಗೋ. ಆಮೇಲೆ ತಾಲ್ಲೂಕಿನ ಕಚೇರಿಗೆ. ಕೊನೆಗೆ ಬೈಕಿನಲ್ಲಿ ಬರುವ ಹುಡುಗನಿಗೆ.

ಕೆಲವು ಕೊರಿಯರ್‌ನವರು ಚಿನ್ನವನ್ನು ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೇ ಒಡವೆ ಕಂಪನಿಗಳು ಬೆಲೆಬಾಳುವ ವಸ್ತುಗಳನ್ನೇ ಸಾಗಿಸುವ ಬೇರೆ ಸಂಸ್ಥೆಗಳ ಮೊರೆ ಹೋಗುತ್ತವೆ. ಆ ಸಂಸ್ಥೆಗಳಲ್ಲಿ ಗಟ್ಟಿ ಬೀಗದ ಕೋಣೆಗಳಿರುತ್ತವೆ. ವ್ಯಾನು ಎಲ್ಲಿದೆ ಅಂತ ಕಚೇರಿಯಲ್ಲಿ ಕೂತೇ ನೋಡುತ್ತಾರೆ. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಹಾಗೆ ಹೋದರೆ ಕಳ್ಳ ಲೆಕ್ಕ ಹಾಕಿ ಕಾಯುತ್ತಾನೆ.

ಪ್ರತಿ ಕೈಯಲ್ಲೂ ಒಂದು ನಿಯಮ ಇದೆ. ಪೆಟ್ಟಿಗೆ ಕೊಡುವವನು, ತೆಗೆದುಕೊಳ್ಳುವವನು ಇಬ್ಬರೂ ಮೊಹರು ನೋಡಬೇಕು. ನಂಬರ್ ನೋಡಬೇಕು. ಪೆಟ್ಟಿಗೆಯ ಮೇಲೆ ಕಪ್ಪು ಗೆರೆಗಳ ಪಟ್ಟಿ ಇರುತ್ತದಲ್ಲ, ಅದಕ್ಕೆ ಯಂತ್ರದಿಂದ ಬೆಳಕು ಹಾಯಿಸುತ್ತಾರೆ. ಆಗ ಎಷ್ಟು ಗಂಟೆಗೆ, ಯಾರ ಕೈಗೆ ಬಂತು ಅಂತ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ.

ಇದು ಯಾಕೆ? ಕಳವಾದರೆ ಯಾರ ಕೈಯಲ್ಲಿ ಕಳವಾಯಿತು ಅಂತ ಹೇಳಲು. ಹತ್ತು ಕೈಗಳಲ್ಲಿ ಒಂಬತ್ತು ಕೈ ನೋಡಿ ಸಹಿ ಹಾಕಿ, ಒಂದು ಕೈ ನೋಡದೆ ಸಹಿ ಹಾಕಿದರೆ ಏನಾಗುತ್ತದೆ? ತಪ್ಪು ಯಾರದೇ ಇರಲಿ, ಆ ನೋಡದ ಕೈಯ ತಲೆಗೆ ಬರುತ್ತದೆ.

ಅಕ್ಕಂದಿರೇ, ಇದನ್ನು ನೆನಪಿಡಿ. ಈ ಸಾಲಿನ ಕೊನೆಯ ಕೈ ನಮ್ಮದು.

ವಿಮೆ ಎಂದರೇನು?

ಎಷ್ಟೇ ಕಾದರೂ ದಾರಿಯಲ್ಲಿ ಅಪಘಾತ ಆಗಬಹುದು. ದರೋಡೆ ಆಗಬಹುದು. ಬೆಂಕಿ ಬೀಳಬಹುದು. ಅದಕ್ಕೆ ವಿಮೆ ಮಾಡಿಸುತ್ತಾರೆ. ಕಂಪನಿಯವರು ವಿಮೆಯವರಿಗೆ ಸ್ವಲ್ಪ ಹಣ ಕಟ್ಟುತ್ತಾರೆ. ಒಡವೆ ಕಳೆದುಹೋದರೆ ವಿಮೆಯವರು ಅದರ ಬೆಲೆ ತುಂಬಿಕೊಡುತ್ತಾರೆ.

ಆದರೆ ವಿಮೆಗೆ ಷರತ್ತುಗಳಿವೆ. ಪೊಟ್ಟಣ ಸರಿಯಾಗಿ ಕಟ್ಟಿರಬೇಕು. ಒಳಗಿರುವುದರ ಬೆಲೆಯನ್ನು ನಿಜವಾಗಿ ಬರೆದಿರಬೇಕು. ಸರಿಯಾದ ವಿಳಾಸಕ್ಕೆ, ಸರಿಯಾದ ವ್ಯಕ್ತಿಗೆ ಕೊಟ್ಟಿರಬೇಕು. ಪಕ್ಕದ ಮನೆಯವರಿಗೆ ಕೊಟ್ಟು ಹೋಗುವಂತಿಲ್ಲ.

ಸಾಮಾನ್ಯವಾಗಿ ಕಂಪನಿ ಮಾಡಿಸಿದ ವಿಮೆ ನಮ್ಮ ಬಾಗಿಲವರೆಗೆ ಮಾತ್ರ. ನಾವು "ಸರಿಯಾಗಿ ಬಂತು" ಅಂತ ಒಪ್ಪಿ ತೆಗೆದುಕೊಂಡ ಮೇಲೆ ಅದು ಮುಗಿಯುತ್ತದೆ. ಆಮೇಲೆ ಚಿನ್ನವೂ ನಮ್ಮದು, ಕಾವಲೂ ನಮ್ಮದು. ಹಾಗಾದರೆ ಒಪ್ಪಿಕೊಳ್ಳುವುದು ಎಂದರೇನು? ಒಂದು ಸಹಿ. ಇಲ್ಲವೇ ಫೋನಿಗೆ ಬರುವ ಕೆಲವೇ ಅಂಕಿಗಳು. ಅದನ್ನು ಓಟಿಪಿ ಅನ್ನುತ್ತಾರೆ. ಆ ಅಂಕಿಗಳನ್ನು ಹೇಳಿದರೆ ಸಹಿ ಹಾಕಿದ ಹಾಗೆಯೇ.

ಗಂಗಮ್ಮನ ಬಾಗಿಲಲ್ಲಿ

ಈಗ ಗಂಗಮ್ಮನ ಮನೆಗೆ ಬರೋಣ. ಮದುವೆಗೆ ಇನ್ನು ಎಂಟೇ ದಿನ. ಮಗ ಹಿಂದಿನ ರಾತ್ರಿ ಫೋನು ಮಾಡಿದ್ದ. ಗಂಗಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಪೊಟ್ಟಣದ ನಂಬರ್. ಕಂಪನಿಯ ಹೆಸರು. ತೂಕ 16 ಗ್ರಾಂ. ಕಂಪನಿಯ ಫೋನ್ ನಂಬರ್. ಓಟಿಪಿ ಬರುವುದೂ ಗಂಗಮ್ಮನ ಫೋನಿಗೇ.

ಬೆಳಗ್ಗೆ ಹನ್ನೊಂದು ಗಂಟೆ. ಜಡಿ ಮಳೆ. ಬೈಕಿನಲ್ಲಿ ಹುಡುಗ ಬಂದ.

"ಅಮ್ಮಾ, ಪಾರ್ಸಲ್ ಬಂದಿದೆ. ಓಟಿಪಿ ಹೇಳಿ."

"ಒಳಗೆ ಬಾರಪ್ಪ, ನೆನೀಬೇಡ. ಮೊದ್ಲು ನಿನ್ನ ಕಾರ್ಡು ತೋರ್ಸು."

ಹುಡುಗ ಕೊರಳಿನ ಕಾರ್ಡು ತೋರಿಸಿದ. ಗಂಗಮ್ಮ ಚಿತ್ರ ನೋಡಿದಳು. ಹೆಸರು ನೋಡಿದಳು. ಆಮೇಲೆ ಪೆಟ್ಟಿಗೆ ಕೈಗೆ ತೆಗೆದುಕೊಂಡಳು. ನೋಟ್‌ಬುಕ್ಕು ತೆರೆದು, ಬೆರಳಿಟ್ಟು, ಒಂದೊಂದೇ ಅಂಕಿ ತಾಳೆ ನೋಡಿದಳು. ನಂಬರ್ ಸರಿ ಇತ್ತು. ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಒಂದು ಮೂಲೆಯಲ್ಲಿ ಟೇಪು ಎದ್ದಿತ್ತು. ಸಂದಿಯಲ್ಲಿ ಒಳಗಿನ ಚೀಲ ಕಾಣುತ್ತಿತ್ತು. ಚೀಲದ ಅಂಟಿನ ಪಟ್ಟಿಯೂ ಒಂದು ಬೆರಳಿನಷ್ಟು ಬಿಟ್ಟುಕೊಂಡಿತ್ತು.

"ಇದೇನಪ್ಪ ಹಿಂಗೆ?"

"ಮಳೆಗೆ ಎದ್ದಿರ್ಬೇಕಮ್ಮ. ಏನೂ ಆಗಿಲ್ಲ. ಓಟಿಪಿ ಹೇಳ್ಬಿಡಿ, ಆಮೇಲೆ ಬಿಚ್ಚಿ ನೋಡಿ. ನಂಗೆ ಇನ್ನೂ ಹತ್ತು ಮನೆ ಇದೆ."

ಗಂಗಮ್ಮನಿಗೆ ಸಂಕಟ. ಮಳೆಯಲ್ಲಿ ನಿಂತ ಹುಡುಗ. ಎಂಟು ದಿನದಲ್ಲಿ ಮದುವೆ. ಬಂದ ಚಿನ್ನವನ್ನು ಬೇಡ ಅನ್ನುವುದು ಹೇಗೆ? ಹೋದ ವರ್ಷ ಆಗಿದ್ದರೆ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದಳು.

"ಇಲ್ಲಪ್ಪ, ಹೇಳಲ್ಲ. ನೀನು ಕದ್ದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಒಳಗೆ ಸರ ಇಲ್ಲದೆ ಹೋದ್ರೆ ನಾಳೆ ನನ್ನನ್ನೂ ಕೇಳ್ತಾರೆ, ನಿನ್ನನ್ನೂ ಕೇಳ್ತಾರೆ. ನಿಮ್ಮ ಆಫೀಸಿಗೆ ಫೋನ್ ಮಾಡು."

ಹುಡುಗ ಫೋನು ಮಾಡಿದ. ಎದ್ದ ಟೇಪಿನ ಚಿತ್ರ ತೆಗೆದ. ಗಂಗಮ್ಮನೂ ಮಗಳ ಕೈಯಲ್ಲಿ ಚಿತ್ರ ತೆಗೆಸಿದಳು. ಹುಡುಗ ಕೊಟ್ಟ ಚೀಟಿಯ ಮೇಲೆ ಅವಳೇ ಬರೆದಳು: "ಸೀಲು ಎದ್ದಿದೆ. ತೆಗೆದುಕೊಂಡಿಲ್ಲ." ಕೆಳಗೆ ತಾರೀಖು, ಗಂಟೆ, ತನ್ನ ಸಹಿ. ಪೆಟ್ಟಿಗೆ ವಾಪಸ್ ಹೋಯಿತು.

ಸಂಜೆ ಮಗ ಸಿಡಿಮಿಡಿಗೊಂಡ. "ಅವ್ವಾ, ಮದ್ವೆ ಹತ್ರ ಬಂತು. ಯಾಕೆ ವಾಪಸ್ ಕಳಿಸ್ದೆ?" ಗಂಗಮ್ಮ ಹೇಳಿದಳು: "ಎರಡು ಬೆಳೆ ಗೂಡಿನ ದುಡ್ಡು ಮಗಾ. ನೋಡದೆ ಹೆಂಗೆ ಸಹಿ ಹಾಕ್ಲಿ?" ಮಗ ಕಂಪನಿಗೆ ಫೋನು ಮಾಡಿದ. ದೂರು ಬರೆಸಿದ. ಚಿತ್ರ ಕಳಿಸಿದ.

ಐದನೆಯ ದಿನ ಪೆಟ್ಟಿಗೆ ಮತ್ತೆ ಬಂತು. ಹೊಸ ಚೀಲ, ಹೊಸ ನಂಬರ್. ಒಳಗೆ ಸರ ಇತ್ತು. ಕಂಪನಿಯವರು ಹೇಳಿದರು: "ಮೊದಲ ಸಲವೂ ಸರ ಸರಿಯಾಗಿಯೇ ಇತ್ತು. ಮಳೆಗೆ ಅಂಟು ಬಿಟ್ಟಿತ್ತು. ತೂಗಿ ನೋಡಿದೆವು. ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ."

ಹಾಗಾದರೆ ಗಂಗಮ್ಮ ಸುಮ್ಮನೆ ಐದು ದಿನ ಕಳೆದಳೇ? ಯೋಚಿಸಿ. ಬಾಗಿಲಲ್ಲಿ ನಿಂತಾಗ ಅವಳಿಗೆ ಒಳಗಿರುವುದು ಕಾಣುತ್ತಿರಲಿಲ್ಲ. ಮೊಹರು ಮಾತ್ರ ಕಾಣುತ್ತಿತ್ತು. ಮೊಹರು ಎದ್ದ ಪೆಟ್ಟಿಗೆಗೆ ಒಪ್ಪಿಗೆ ಕೊಟ್ಟು, ಒಳಗೆ ಸರ ಇಲ್ಲದಿದ್ದರೆ? "ಸರಿಯಾಗಿ ಬಂತು ಅಂತ ನೀವೇ ಒಪ್ಪಿದ್ದೀರಲ್ಲ" ಅನ್ನುತ್ತಿದ್ದರು. ಆ ಹುಡುಗನ ಕೆಲಸವೂ ಹೋಗುತ್ತಿತ್ತು. ಅವನೂ ಯಾವುದೋ ತಾಯಿಯ ಮಗ. ಗಂಗಮ್ಮ ಬರೆದ ಒಂದು ಸಾಲು ಇಬ್ಬರನ್ನೂ ಕಾಪಾಡಿತು.

ಪೆಟ್ಟಿಗೆ ಬಿಚ್ಚುವುದು ಹೇಗೆ?

ಮೊಹರು ಸರಿ ಇದ್ದರೆ ಪೆಟ್ಟಿಗೆ ತೆಗೆದುಕೊಳ್ಳಿ. ಎದುರಿಗೇ ಬಿಚ್ಚಿ ನೋಡಲು ಬಿಡುತ್ತಾರೆಯೇ ಅಂತ ಕೇಳಿ. ಕೆಲವು ಕಂಪನಿಗಳು ಬಿಡುತ್ತವೆ. ಬಿಡದಿದ್ದರೆ ಬಂದ ಕೂಡಲೇ ಬಿಚ್ಚಿ. ನಾಳೆಗೆ ಇಡಬೇಡಿ.

ಬಿಚ್ಚುವಾಗ ಮನೆಯವರು ಯಾರಾದರೂ ಫೋನಿನಲ್ಲಿ ವಿಡಿಯೋ ತೆಗೆಯಲಿ. ಮೊದಲು ಪೆಟ್ಟಿಗೆಯ ನಾಲ್ಕೂ ಕಡೆ ತೋರಿಸಿ. ನಂಬರ್ ತೋರಿಸಿ. ಆಮೇಲೆ ಕತ್ತರಿ ಹಾಕಿ. ಒಡವೆ ಹೊರಬರುವವರೆಗೆ ವಿಡಿಯೋ ನಿಲ್ಲಿಸಬಾರದು. ನಡುವೆ ನಿಲ್ಲಿಸಿದರೆ "ಆಗ ಬದಲಾಯಿಸಿದಿರಿ" ಅನ್ನಬಹುದು. ಚೀಲ, ಪೆಟ್ಟಿಗೆ, ಚೀಟಿ ಯಾವುದನ್ನೂ ಒಲೆಗೆ ಹಾಕಬೇಡಿ. ಎಲ್ಲ ಸರಿ ಇದೆ ಅಂತ ಖಾತ್ರಿ ಆಗುವವರೆಗೆ ಇಟ್ಟುಕೊಳ್ಳಿ.

ಈಗ ಒಡವೆ ನೋಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಳದಿಯಾಗಿ ಇರುವುದೆಲ್ಲ ಚಿನ್ನವಲ್ಲ. ಚಿನ್ನಕ್ಕೆ ಹಾಲ್‌ಮಾರ್ಕ್ ಎಂಬ ಸರ್ಕಾರದ ಗುರುತು ಇದೆ. ನಮ್ಮ ದೇಶದಲ್ಲಿ ಇದು 2000ನೇ ಇಸವಿಯಲ್ಲಿ ಶುರುವಾಯಿತು. 2021ರ ಜೂನ್ 16ರಿಂದ ಹಂತ ಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಹಾಲ್‌ಮಾರ್ಕಿನಲ್ಲಿ ಮೂರು ಗುರುತು ಇರುತ್ತವೆ.

ಒಂದು, ತ್ರಿಕೋನದಂತಹ ಗುರುತು. ಇದು ಬಿಐಎಸ್ ಎಂಬ ಸರ್ಕಾರಿ ಸಂಸ್ಥೆಯದು.

ಎರಡು, ಶುದ್ಧತೆಯ ಅಂಕಿ. 22 ಕ್ಯಾರೆಟ್ ಚಿನ್ನಕ್ಕೆ 916 ಎಂದು ಇರುತ್ತದೆ. ಅಂದರೆ 1000 ಭಾಗದಲ್ಲಿ 916 ಭಾಗ ಚಿನ್ನ. ಮಿಕ್ಕಿದ್ದು ತಾಮ್ರದಂಥ ಬೇರೆ ಲೋಹ. 18 ಕ್ಯಾರೆಟ್ ಆದರೆ 750 ಎಂದು ಇರುತ್ತದೆ.

ಮೂರು, ಆರು ಗುರುತಿನ ನಂಬರ್. ಇದರಲ್ಲಿ ಇಂಗ್ಲಿಷ್ ಅಕ್ಷರವೂ ಅಂಕಿಯೂ ಬೆರೆತಿರುತ್ತವೆ. ಇದು ಒಂದೊಂದು ಒಡವೆಗೂ ಬೇರೆ ಬೇರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಜಿಲ್ಲೆಗಳಲ್ಲಿ ಈ ಆರು ಗುರುತಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಸಣ್ಣ ಒಡವೆಗಳಿಗೆ ಈ ಕಡ್ಡಾಯ ಇಲ್ಲ.

ಗುರುತು ತುಂಬಾ ಸಣ್ಣದು. ಭೂತಗನ್ನಡಿ ಹಿಡಿದು ನೋಡಿ. ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿಯೂ ನೋಡಬಹುದು. "ನಮಗೆ ಇಂಗ್ಲಿಷ್ ಬರೋದಿಲ್ವಲ್ಲ" ಅಂತ ಹಿಂಜರಿಯಬೇಡಿ. ಫೋನಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಇದೆ. ಅದಕ್ಕೆ ಕಾಸಿಲ್ಲ. ಮಗನೋ ಮಗಳೋ ಅದರಲ್ಲಿ ಆ ಆರು ಗುರುತು ಒತ್ತಲಿ. ಇದು ಯಾವ ಬಗೆಯ ಒಡವೆ, ಎಷ್ಟು ಶುದ್ಧ, ಯಾವ ಅಂಗಡಿಯದು ಅಂತ ತೋರಿಸುತ್ತದೆ. ನಿಮ್ಮ ಕೈಯಲ್ಲಿ ಸರ ಇದ್ದು, ಅದು ಉಂಗುರ ಅಂತ ತೋರಿಸಿದರೆ ಏನೋ ಮೋಸ ಇದೆ ಅಂತ ತಿಳಿಯಿರಿ.

ತೂಕವನ್ನೂ ಮರೆಯಬೇಡಿ. ನಂಬಿಕೆಯ ಅಂಗಡಿಯಲ್ಲಿ ತೂಗಿಸಿ. ಬಿಲ್ಲಿಗೆ ತಾಳೆ ನೋಡಿ.

ಫೋನಿನಲ್ಲಿ ಬರುವ ಕಳ್ಳ

ಈಗಿನ ಕಳ್ಳ ದಾರಿಯಲ್ಲಿ ಅಡ್ಡ ಹಾಕಬೇಕಿಲ್ಲ. ಕೂತಲ್ಲಿಂದಲೇ ಫೋನು ಮಾಡುತ್ತಾನೆ.

"ಕೊರಿಯರ್ ಆಫೀಸಿನಿಂದ ಮಾತಾಡ್ತಿದ್ದೀವಿ. ನಿಮ್ಮ ಪಾರ್ಸಲ್ ನಿಂತಿದೆ. ಬಂದಿರೋ ಓಟಿಪಿ ಹೇಳಿ" ಅನ್ನುತ್ತಾನೆ. ಹೇಳಬೇಡಿ. ಪೊಟ್ಟಣದ ಓಟಿಪಿಯನ್ನು ಪೊಟ್ಟಣ ನೋಡಿದ ಮೇಲೆ, ಬಾಗಿಲಲ್ಲಿ ಮಾತ್ರ ಹೇಳಬೇಕು. ಬ್ಯಾಂಕಿನ ಓಟಿಪಿಯನ್ನು ಯಾರಿಗೂ ಹೇಳಬಾರದು.

"ವಿಳಾಸ ತಪ್ಪಿದೆ. ಈ ಲಿಂಕ್ ಒತ್ತಿ ಐದು ರೂಪಾಯಿ ಕಟ್ಟಿ" ಅನ್ನುತ್ತಾನೆ. ಒತ್ತಬೇಡಿ. ಐದು ರೂಪಾಯಿ ಅಂತ ಶುರುವಾಗಿ ಖಾತೆಯೇ ಖಾಲಿ ಆಗಬಹುದು.

"ನಕ್ಷತ್ರದ ಗುರುತು ಒತ್ತಿ, ಆಮೇಲೆ ಈ ನಂಬರ್ ಒತ್ತಿ" ಅನ್ನುತ್ತಾನೆ. ಅದನ್ನೂ ಒತ್ತಬೇಡಿ. ಹಾಗೆ ಒತ್ತಿದರೆ ನಿಮಗೆ ಬರುವ ಕರೆಗಳು ಅವನ ಫೋನಿಗೆ ತಿರುಗಬಹುದು.

ಅನುಮಾನ ಬಂದರೆ ಫೋನು ಇಟ್ಟುಬಿಡಿ. ಬಿಲ್ಲಿನಲ್ಲಿ ಇರುವ ಕಂಪನಿಯ ನಂಬರಿಗೆ ನೀವೇ ಫೋನು ಮಾಡಿ ಕೇಳಿ.

ಮೋಸವಾದರೆ ಏನು ಮಾಡಬೇಕು?

ಅಳುತ್ತಾ ಕೂರಬೇಡಿ. ಹೊತ್ತು ಕಳೆಯಬೇಡಿ.

ಮೊದಲು ಕಂಪನಿಗೆ ಅದೇ ದಿನ ದೂರು ಕೊಡಿ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. 2020ರಲ್ಲಿ ಬಂದ ನಿಯಮದ ಪ್ರಕಾರ, ಫೋನು-ಕಂಪ್ಯೂಟರ್ ಮೂಲಕ ಮಾರುವ ಕಂಪನಿಗಳಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹಾರ ಹೇಳಬೇಕು.

ಕಂಪನಿ ಕೇಳದಿದ್ದರೆ 1915ಕ್ಕೆ ಫೋನು ಮಾಡಿ. ಇದು ಗ್ರಾಹಕರ ಸಹಾಯವಾಣಿ. ಆಗಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ದೂರಿನ ಶುಲ್ಕ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ಬಿಲ್ಲು, ಚಿತ್ರ, ವಿಡಿಯೋ, ಚೀಟಿ ಇದ್ದರೆ ಅವೇ ನಿಮ್ಮ ಸಾಕ್ಷಿ.

ಫೋನಿನಲ್ಲಿ ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನು ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಯುವ ದಾರಿ ಇರುತ್ತದೆ. ಒಡವೆ ಕಳವಾದರೆ ಪೊಲೀಸ್ ಠಾಣೆಯಲ್ಲಿ ಬರೆದು ದೂರು ಕೊಡಿ.

ನೀವೇ ಕಳಿಸುವವರಾದರೆ

ಇಂದು ಎಷ್ಟೋ ಸ್ತ್ರೀ ಶಕ್ತಿ ಸಂಘಗಳ ಅಕ್ಕಂದಿರು ಫೋನಿನಲ್ಲೇ ವ್ಯಾಪಾರ ಮಾಡುತ್ತಾರೆ. ಬೆಳ್ಳಿ ಕಾಲ್ಗೆಜ್ಜೆ, ಕಾಲುಂಗುರ ಮಾರಬೇಕು ಅನ್ನುವವರೂ ಇದ್ದಾರೆ. ನಿಮಗೂ ಇದೇ ಪಾಠ. ಕಳಿಸುವ ಮೊದಲು ತೂಗಿ, ಚಿತ್ರ ತೆಗೆಯಿರಿ. ಸದ್ದು ಬರದಂತೆ ಕಟ್ಟಿ. ಹೊರಗೆ ಒಡವೆ ಅಂತ ಕಾಣುವ ಹಾಗೆ ಬರೆಯಬೇಡಿ. ಆದರೆ ಕೌಂಟರಿನಲ್ಲಿ ಒಳಗೆ ಏನಿದೆ, ಬೆಲೆ ಎಷ್ಟು ಅಂತ ನಿಜ ಹೇಳಿ. ಸುಳ್ಳು ಬೆಲೆ ಹೇಳಿದರೆ ವಿಮೆ ಸಿಗುವುದಿಲ್ಲ.

ಮೊದಲು ಬೆಲೆಬಾಳುವ ವಸ್ತುಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದರು. 2025ರಲ್ಲಿ ಅದು ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ವಿಮೆ ಎಷ್ಟು ರೂಪಾಯಿವರೆಗೆ ಸಿಗುತ್ತದೆ, ಹೇಗೆ ಕಟ್ಟಬೇಕು ಅಂತ ಅಂಚೆ ಕಚೇರಿಯಲ್ಲಿ ಕೇಳಿ. ರಸೀದಿಯನ್ನು ಜೋಪಾನವಾಗಿ ಇಡಿ. ಕೊಂಡವರ ಕೈಗೆ ಸೇರುವವರೆಗೆ ಆ ರಸೀದಿಯೇ ನಿಮ್ಮ ಚಿನ್ನ.

ಕೊನೆಯ ಮಾತು

ಚಿನ್ನದ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ಬೀಗ ಕಾಯುತ್ತದೆ, ಕ್ಯಾಮೆರಾ ಕಾಯುತ್ತದೆ, ವಿಮೆ ಕಾಯುತ್ತದೆ. ಕೊನೆಯ ಹೆಜ್ಜೆಯಲ್ಲಿ ಅದನ್ನು ಕಾಯುವುದು ನಿಮ್ಮ ಕಣ್ಣು ಮತ್ತು ನಿಮ್ಮ ಸಹಿ. ಹೆಬ್ಬೆಟ್ಟು ಒತ್ತುತ್ತಿದ್ದಾಗ ಯಾರೋ ತೋರಿಸಿದ ಜಾಗದಲ್ಲಿ ಒತ್ತುತ್ತಿದ್ದೆವು. ಈಗ ಓದಲು ಬರುತ್ತದೆ. ಓದಿ, ನೋಡಿ, ಆಮೇಲೆ ಸಹಿ ಹಾಕೋಣ.

ನೆನಪಿಡಿ

1. ಒಡವೆ ಬರುವ ಸುದ್ದಿ ಮನೆಯವರಿಗೆ ಮಾತ್ರ ಗೊತ್ತಿರಲಿ.
2. ಪೊಟ್ಟಣದ ನಂಬರ್, ತೂಕ, ಕಂಪನಿಯ ಫೋನ್ ನಂಬರ್ ಮೊದಲೇ ಬರೆದಿಡಿ.
3. ತಂದವರ ಕಾರ್ಡು ನೋಡಿ. ಮೊಹರು ನೋಡಿ. ಆಮೇಲೆ ಓಟಿಪಿ ಹೇಳಿ.
4. ಮೊಹರು ಎದ್ದಿದ್ದರೆ ತೆಗೆದುಕೊಳ್ಳಬೇಡಿ. ಕಾರಣ ಬರೆದು, ತಾರೀಖು ಹಾಕಿ, ಸಹಿ ಮಾಡಿ.
5. ವಿಡಿಯೋ ತೆಗೆಯುತ್ತಾ ಪೆಟ್ಟಿಗೆ ಬಿಚ್ಚಿ.
6. ಹಾಲ್‌ಮಾರ್ಕಿನ ಮೂರು ಗುರುತು ಮತ್ತು ತೂಕ ತಾಳೆ ನೋಡಿ.
7. ಗ್ರಾಹಕರ ದೂರಿಗೆ 1915. ಫೋನಿನ ಹಣದ ಮೋಸಕ್ಕೆ 1930.

ಕೂತು ಮಾತಾಡೋಣ

1. ಹಿಂದೆ ನಿಮ್ಮ ಮನೆಯಲ್ಲಿ ಪೇಟೆಯಿಂದ ಒಡವೆಯನ್ನು ಹೇಗೆ ತರುತ್ತಿದ್ದರು?
2. ಗಂಗಮ್ಮ ಪೆಟ್ಟಿಗೆ ವಾಪಸ್ ಕಳಿಸಿದ್ದು ಸರಿಯೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
3. ನಿಮ್ಮ ಒಂದು ಒಡವೆಯ ಹಾಲ್‌ಮಾರ್ಕ್ ನೋಡಿ. ಅದರಲ್ಲಿರುವ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.
4. "ಸೀಲು ಎದ್ದಿದೆ. ತೆಗೆದುಕೊಂಡಿಲ್ಲ." ಈ ಸಾಲನ್ನು ಐದು ಸಲ ಬರೆಯಿರಿ. ಕೆಳಗೆ ಇಂದಿನ ತಾರೀಖು ಹಾಕಿ. ನಿಮ್ಮ ಸಹಿ ಮಾಡಿ.